80 ಎಕರೆ ಜಮೀನು, ಹೆಣ್ಣು ಜಿಂಕೆ ಲೆಕ್ಕ: ವಿಸ್ಕಾನ್ಸಿನ್‌ನ ಒಂದು ಪ್ರಕರಣ

ಜಮೀನು ಇರೋದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯಕ್ಕೆ, ರಿಚ್‌ಲ್ಯಾಂಡ್ ಕೌಂಟಿಲಿ. ಹಿಮಯುಗದಲ್ಲಿ ಸುತ್ತಲಿನ ನೆಲಾನೆಲ್ಲ ಹಿಮನದಿಗಳು ಉಜ್ಜಿ ಸಪಾಟು ಮಾಡಿದ್ರೂ ಈ ಭಾಗದ ಮೇಲೆ ಹಾಯಲಿಲ್ಲ, ಅದಕ್ಕೇ ಇಲ್ಲಿ ಈಗಲೂ ಕಡಿದಾದ ಗುಡ್ಡ, ಎರಡು ಗುಡ್ಡದ ನಡುವೆ ಕಿರಿದಾದ ಕಣಿವೆ, ತಳದಲ್ಲಿ ಹಳ್ಳ, ನೆತ್ತಿ ಮೇಲೆ ಮೆಕ್ಕೆಜೋಳ ಸೋಯಾ ಹೊಲ, ಇಳಿಜಾರಲ್ಲಿ ಓಕ್ ಕಾಡು. ಡ್ರಿಫ್ಟ್‌ಲೆಸ್ ಏರಿಯಾ ಅಂತ ಕರೀತಾರೆ. ಬಿಳಿಬಾಲದ ಜಿಂಕೆಗೆ, ಅಂದ್ರೆ ವೈಟ್‌ಟೇಲ್‌ಗೆ, ಇದಕ್ಕಿಂತ ಒಳ್ಳೆ ಜಾಗ ಸಿಗೋದು ಕಷ್ಟ, ಹೊಟ್ಟೆಗೆ ಹೊಲ ಇದೆ, ಮರೆಗೆ ಕಾಡಿದೆ, ಎರಡರ ಮಧ್ಯೆ ಎಲ್ಲಿ ನೋಡಿದ್ರೂ ಅಂಚು.

ಜಮೀನಿನ ಒಡತಿ ನಮಗೆ ಬಹಳ ವರ್ಷದ ಪರಿಚಯ. ಮ್ಯಾಡಿಸನ್‌ನಲ್ಲಿ ನಮ್ಮ ಬೀದಿಯಲ್ಲೇ ಇರೋದು, ಗಂಡ ಹೆಂಡತಿ ಇಬ್ರೂ ರಿಟೈರ್ ಆಗಿದ್ದಾರೆ. ಆಕೆ ಅಪ್ಪನಿಂದ ಬಂದ ಜಮೀನು ಅದು, ಮುಕ್ಕಾಲು ಪಾಲು ಕಾಡು, ಮಿಕ್ಕಿದ್ದರಲ್ಲಿ ಹೆಚ್ಚಿನದು ಪಕ್ಕದ ರೈತನಿಗೆ ಗುತ್ತಿಗೆ. ಅಪ್ಪ ತೀರಿಹೋದ ಮೇಲೆ ಇವರು ಮಾಡಿದ ತೀರ್ಮಾನ ಸರಳವಾಗಿತ್ತು: ಜಮೀನು ಮಾರೋದು ಬೇಡ, ಜಿಂಕೆ ಬರೋ ಹಾಗೆ ಮಾಡೋಣ, ವರ್ಷಕ್ಕೊಂದಿಷ್ಟು ಮಾಂಸ ಸಿಗಲಿ, ಆಗಾಗ ಒಂದು ದೊಡ್ಡ ಕೊಂಬಿನ ಗಂಡು ಸಿಗಲಿ. ಅಲ್ಲಿಂದ ಮುಂದೆ ಏನೇನಾಯ್ತು ಅಂತ ನಾನು ಹತ್ತಿರದಿಂದ ನೋಡಿದ್ದೀನಿ, ಬೇಲಿ ಕಟ್ಟೋಕೆ, ಸುಣ್ಣ ಹರಡೋಕೆ, ಸತ್ತ ಜಿಂಕೆ ಗುಡ್ಡದಿಂದ ಎಳೆದು ತರೋಕೆ ಕೈ ಹಾಕಿದ್ದೀನಿ. ಇಲ್ಲಿರೋ ನಮ್ಮ ಜನರಲ್ಲೂ ಈಗ ಸಿಟಿಯಿಂದ ಎರಡು ಗಂಟೆ ದೂರಕ್ಕೆ ಜಮೀನು ತಗೊಳ್ಳೋರು ಇದ್ದಾರೆ, ಅವರಿಗಾದ್ರೂ ಉಪಯೋಗ ಆಗಲಿ ಅಂತ ಪೂರ್ತಿ ಬರೀತಿದ್ದೀನಿ.

ಊರಲ್ಲಿರೋರಿಗೆ ಮೊದಲು ಒಂದು ವಿಷಯ ಹೇಳಬೇಕು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಜಿಂಕೆ ಬೇಟೆ ಅಂದ್ರೆ ಅಪರಾಧ, ಸ್ವಂತ ತೋಟದೊಳಗೆ ಬಂದ್ರೂ ಅಷ್ಟೇ. ಇಲ್ಲಿ ವ್ಯವಸ್ಥೆನೇ ಬೇರೆ. ಕಾಡುಪ್ರಾಣಿ ಜಮೀನಿನ ಒಡೆಯನದಲ್ಲ, ಜನರದು, ಜನರ ಪರವಾಗಿ ರಾಜ್ಯ ಸರ್ಕಾರ ನೋಡಿಕೊಳ್ಳುತ್ತೆ. ಹಾಗಾಗಿ ನಿನ್ನ ಜಮೀನಲ್ಲೇ ಆದ್ರೂ ಲೈಸೆನ್ಸ್ ಬೇಕು, ಸೀಸನ್ ಇರುತ್ತೆ, ಎಷ್ಟು ಗಂಡು ಎಷ್ಟು ಹೆಣ್ಣು ಅನ್ನೋದಕ್ಕೆ ಟ್ಯಾಗ್, ಅಂದ್ರೆ ಒಂದೊಂದು ಜಿಂಕೆಗೂ ಪರವಾನಗಿ ಚೀಟಿ, ಇರುತ್ತೆ, ಹೊಡೆದ ಮೇಲೆ ಮಾರನೇ ದಿನ ಸಂಜೆ 5ರೊಳಗೆ ರಿಜಿಸ್ಟರ್ ಮಾಡ್ಬೇಕು. ಕಾಡಿನ ಜಿಂಕೆ ಮಾಂಸ ಮಾರೋ ಹಾಗಿಲ್ಲ. ಬಂದೂಕಿನ ಮುಖ್ಯ ಸೀಸನ್ ಬರೀ 9 ದಿನ, ಥ್ಯಾಂಕ್ಸ್‌ಗಿವಿಂಗ್‌ಗೆ (ನವೆಂಬರ್ ನಾಲ್ಕನೇ ಗುರುವಾರದ ಹಬ್ಬ) ಮುಂಚಿನ ಶನಿವಾರ ಶುರು, ಬಿಲ್ಲಿನ ಸೀಸನ್ ಮಾತ್ರ ಸೆಪ್ಟೆಂಬರಿಂದ ಜನವರಿವರೆಗೆ ಉದ್ದಕ್ಕಿರುತ್ತೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಬೇಟೆ ಬಂದೂಕು, ಮದ್ದುಗುಂಡಿನ ಮೇಲೆ ಹಾಕೋ 11% ತೆರಿಗೆ ನೇರವಾಗಿ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತೆ. ಇಲ್ಲಿ ಜಿಂಕೆ ಉಳಿದಿರೋದ್ರಲ್ಲಿ ಆ ದುಡ್ಡಿನ ಪಾಲು ದೊಡ್ಡದು.

ಇನ್ನು ಜಮೀನಿನ ಕಥೆ. ಮೊದಲ ವರ್ಷ ಇವರೂ ಎಲ್ಲರ ಹಾಗೆ ಶುರು ಮಾಡಿದ್ದು ಫುಡ್ ಪ್ಲಾಟಿಂದ, ಅಂದ್ರೆ ಜಿಂಕೆಗೆ ಅಂತಲೇ ಮೇವು ಬೆಳೆಸೋ ತುಂಡು ಹೊಲ. ಜಿಂಕೆಗೆ ಕಾಳು ಸುರಿಯೋ ಹಾಗಿಲ್ಲ, ಈ ಕೌಂಟಿಲಿ ಬೇಟೆಗೆ ಸೆಳೆಯೋಕೆ ತಿನಿಸು ಇಡೋದು (ಬೇಟಿಂಗ್), ಸುಮ್ಮನೆ ತಿನ್ನಿಸೋದು (ಫೀಡಿಂಗ್) ಎರಡೂ ನಿಷೇಧ, ಕಾರಣ ಮುಂದೆ ಹೇಳ್ತೀನಿ. ಆದ್ರೆ ನೆಲದಲ್ಲಿ ಬೆಳೆದು ನಿಂತ ಮೇವು ಕಾನೂನಿನ ಪ್ರಕಾರ ಸರಿ. ಕಾಡಿನ ಮಧ್ಯೆ ಹಳೇ ದನದ ಹುಲ್ಲುಗಾವಲು ಒಂದು ಬಯಲಿತ್ತು, ಅದರಲ್ಲಿ ಬಿಳಿ ಕ್ಲೋವರ್ ಅನ್ನೋ ಮೇವಿನ ಗಿಡ ಹಾಕಿದ್ರು, ಹುಟ್ಟಿದ್ದು ಹಳದಿಯಾಗಿ ಸೊರಗಿಹೋಯ್ತು. ಮಣ್ಣು ಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು, ಮಣ್ಣು ಹುಳಿ, ಪಿಎಚ್ 5.5ರ ಆಸುಪಾಸು. ಕ್ಲೋವರಿಗೆ 6.5 ಹತ್ತಿರ ಬೇಕು. ಕಾಫಿ ತೋಟದವರಿಗೆ ಇದು ಹೊಸದಲ್ಲ, ಸುಣ್ಣ ಹಾಕದೆ ಗೊಬ್ಬರ ಎಷ್ಟು ಸುರಿದ್ರೂ ದಂಡ ಅಂತ ಅವರಿಗೆ ಗೊತ್ತು. ಇಲ್ಲೂ ಅದೇ ಆಯ್ತು, ಸುಣ್ಣ ಹರಡಿ, ಒಂದು ಚಳಿಗಾಲ ಬಿಟ್ಟು, ಬೇರಿನ ಬ್ಯಾಕ್ಟೀರಿಯಾ ಲೇಪಿಸಿದ ಕ್ಲೋವರ್ ಬೀಜ ಹಾಕಿದ ಮೇಲೆ ಎದ್ದಿತು. ಆ ಮಧ್ಯದ ವರ್ಷಕ್ಕೆ ಗೋಧಿ ಥರದ ರೈ ಧಾನ್ಯ ಬಿತ್ತಿದ್ರು, ಆಗಸ್ಟ್ ಕೊನೆಗೆ ಚೆಲ್ಲಿದ್ರೆ ಸಾಕು, ಹುಳಿ ಮಣ್ಣಲ್ಲೂ ಬರುತ್ತೆ, ಹಿಮ ಬೀಳೋವರೆಗೂ ಹಸಿರಾಗಿರುತ್ತೆ. ಯಾರಾದ್ರೂ ಹೊಸದಾಗಿ ಶುರು ಮಾಡೋರಿದ್ರೆ ನನ್ನ ಸಲಹೆ ಇಷ್ಟೇ, ಚೀಲದ ಮೇಲೆ ದೊಡ್ಡ ಕೊಂಬಿನ ಫೋಟೋ ಇರೋ ದುಬಾರಿ ಬೀಜ ಬೇಡ, ಮಣ್ಣು ಪರೀಕ್ಷೆ, ಸುಣ್ಣ, ರೈ, ಕ್ಲೋವರ್, ಇಷ್ಟರಲ್ಲೇ ನಿಲ್ಲಿ.

ಪ್ಲಾಟು ಹಸಿರಾಯ್ತು, ಜಿಂಕೆ ಬಂದ್ವು. ಟ್ರೇಲ್ ಕ್ಯಾಮೆರಾದಲ್ಲಿ ರಾತ್ರಿ ಪೂರ್ತಿ ಜಿಂಕೆನೇ ಜಿಂಕೆ. ಹಗಲು ಮಾತ್ರ ಒಂದೂ ಇಲ್ಲ. ಬೆಳಕಿದ್ದಾಗ ಬಂದ ಫೋಟೋ ಅಂದ್ರೆ ಟರ್ಕಿ ಕೋಳಿ, ಅಳಿಲು. ಎರಡು ಸೀಸನ್ ಹೀಗೇ ಹೋಯ್ತು. ಗಂಡ ಹೇಳ್ತಿದ್ದದ್ದು ಪ್ಲಾಟು ದೊಡ್ಡದು ಮಾಡ್ಬೇಕು ಅಂತ, ಹೆಂಡತಿ ಹೇಳಿದ್ದು, ಊಟ ಕಡಿಮೆ ಆಗಿಲ್ಲ, ನಾವು ಓಡಾಡೋದು ಜಾಸ್ತಿ ಆಗಿದೆ ಅಂತ. ಆಕೆ ಹೇಳಿದ್ದೇ ಸರಿ. ಯಾಕಂದ್ರೆ ಸುತ್ತ ನೂರಾರು ಎಕರೆ ಮೆಕ್ಕೆಜೋಳ, ಸೋಯಾ ಇರೋ ಕಡೆ ಅರ್ಧ ಎಕರೆ ಕ್ಲೋವರ್ ದೊಡ್ಡ ವಿಷಯ ಅಲ್ಲ, ಅದರ ಮೇಲೆ ಬಿಳಿ ಓಕ್ ಬೀಜ ಚೆನ್ನಾಗಿ ಬಿದ್ದ ವರ್ಷ ಜಿಂಕೆ ಕಾಡು ಬಿಟ್ಟು ಹೊರಗೇ ಬರೋದಿಲ್ಲ. ಆ ಏರಿಯಾದಲ್ಲಿ ಕಮ್ಮಿ ಇದ್ದದ್ದು ಊಟ ಅಲ್ಲ, ಹಗಲು ಧೈರ್ಯವಾಗಿ ಮಲಗೋ ಜಾಗ.

ಮಲಗೋ ಜಾಗ ಯಾಕಿರಲಿಲ್ಲ? ಕಾಡು ನೋಡೋಕೆ ಬಹಳ ಚಂದ ಇತ್ತು, ಎತ್ತರದ ಮರ, ಕೆಳಗೆ ಪಾರ್ಕಿನ ಹಾಗೆ ಖಾಲಿ, ನೂರು ಗಜ ಆಚೆಗೂ ಕಾಣ್ತಿತ್ತು. ಆ ಚಂದವೇ ಕಾಯಿಲೆಯ ಲಕ್ಷಣ. ಕಾಡು ನೋಡೋಕೆ ಬಂದ ಫಾರೆಸ್ಟರ್ ಮೊದಲು ತೋರಿಸಿದ್ದು ಒಂದು ಗೆರೆ: ನೆಲದಿಂದ ಸುಮಾರು ಐದಡಿವರೆಗೆ ಒಂದು ಎಲೆ ಇಲ್ಲ, ಅದರ ಮೇಲೆ ಹಸಿರು. ಜಿಂಕೆ ಬಾಯಿಗೆ ಎಟುಕೋ ಎತ್ತರ ಅದು, ಬ್ರೌಸ್ ಲೈನ್ ಅಂತಾರೆ. ಓಕ್ ಸಸಿ ಒಂದೂ ಮೊಣಕಾಲೆತ್ತರ ದಾಟಿರಲಿಲ್ಲ. ಜಿಂಕೆ ಬಿಟ್ಟಿದ್ದೇನು ಅಂದ್ರೆ ತಿನ್ನೋಕೆ ಇಷ್ಟ ಇಲ್ಲದ ಐರನ್‌ವುಡ್, ಮುಳ್ಳಿನ ಮಲ್ಟಿಫ್ಲೋರಾ ರೋಸ್, ಹನಿಸಕಲ್ ಪೊದೆ. ಮಲ್ಟಿಫ್ಲೋರಾ ರೋಸ್ ಒಂದು ಕಾಲದಲ್ಲಿ ಸರ್ಕಾರದವರೇ ಜೀವಂತ ಬೇಲಿಗೆ, ವನ್ಯಜೀವಿಗೆ ಒಳ್ಳೇದು ಅಂತ ರೈತರಿಂದ ನೆಡಿಸಿದ ಗಿಡ, ಈಗ ತೆಗೆಯೋಕೆ ವರ್ಷಗಟ್ಟಲೆ ಬೇಕು.

ಫಾರೆಸ್ಟರ್ ಹೇಳಿದ ಒಂದು ಕೆಲಸ ನನಗೆ ಬಹಳ ಇಷ್ಟ ಆಯ್ತು, ಖರ್ಚೂ ಇಲ್ಲ. ತಂತಿ ಜಾಲರಿ ಸುತ್ತಿ ಮೂರಡಿ ಅಗಲದ ಒಂದು ಪಂಜರ ಮಾಡಿ ಪ್ಲಾಟಲ್ಲಿ ಒಂದು, ಕಾಡೊಳಗೆ ಒಂದು ಗೂಟ ಹೊಡೆದು ನಿಲ್ಲಿಸೋದು. ಪಂಜರದೊಳಗೆ ಜಿಂಕೆ ಬಾಯಿ ಹೋಗೋದಿಲ್ಲ. ಒಂದು ಬೇಸಿಗೆ ಕಳೆಯೋ ಹೊತ್ತಿಗೆ ಪಂಜರದೊಳಗೆ ಕ್ಲೋವರ್ ಮೊಣಕಾಲಿಗೆ ಬಂದಿತ್ತು, ಹೊರಗೆ ಬೆರಳೆತ್ತರ. ಕಾಡಿನ ಪಂಜರದಲ್ಲಿ ಓಕ್ ಸಸಿ, ಟ್ರಿಲಿಯಂ ಹೂ ಎದ್ದಿದ್ವು, ಹೊರಗೆ ಏನೂ ಇಲ್ಲ. ಮಣ್ಣು ಸರಿ ಇದೆ, ಬೀಜ ಇದೆ, ಮಳೆ ಇದೆ, ಇದ್ದದ್ದನ್ನೆಲ್ಲ ತಿಂದು ಮುಗಿಸ್ತಿರೋದು ಜಿಂಕೆ. ದೊಡ್ಡ ಜಿಂಕೆ ಒಂದು ದಿನಕ್ಕೆ ಮೂರು ಕೆಜಿ ಹತ್ತಿರ ಎಲೆ, ಚಿಗುರು ತಿನ್ನುತ್ತೆ, ಅದೂ ಚಳಿಗಾಲದಲ್ಲಿ ಹೊಲ ಖಾಲಿ ಆದಾಗ ಪೂರ್ತಿ ಭಾರ ಕಾಡಿನ ಮೇಲೆ. ಜಾಸ್ತಿ ಜಿಂಕೆ ಬೇಕು ಅಂತ ಹೊರಟವರಿಗೆ ಆ ಪಂಜರ ಹೇಳಿದ್ದು ಈಗಾಗ್ಲೇ ಜಾಸ್ತಿ ಇದೆ ಅಂತ.

ಇದರ ಮೇಲೆ ಎರಡು ಕೆಲಸ ಒಟ್ಟೊಟ್ಟಿಗೆ ಶುರುವಾದ್ವು. ಮೊದಲನೇದು ಕಾಡಿಗೆ ಬೆಳಕು ಬಿಡೋದು. ಇಳಿಜಾರಿನ ದಕ್ಷಿಣಕ್ಕೆ ಮುಖ ಮಾಡಿರೋ ಭಾಗದಲ್ಲಿ ಚಳಿಗಾಲದ ಬಿಸಿಲು ಬೀಳುತ್ತೆ, ಜಿಂಕೆ ಮಲಗೋದು ಅಲ್ಲೇ. ಅಲ್ಲಿನ ಮೇಪಲ್, ಐರನ್‌ವುಡ್ ಮರಗಳಲ್ಲಿ ಬೆಲೆ ಇಲ್ಲದವನ್ನು ಆರಿಸಿ ಕೆಲವನ್ನು ಪೂರ್ತಿ ಕಡಿದ್ರು, ಕೆಲವನ್ನು ಹಿಂಜ್ ಕಟ್ ಮಾಡಿದ್ರು, ಅಂದ್ರೆ ಎದೆ ಎತ್ತರದಲ್ಲಿ ಕಾಂಡ ಮುಕ್ಕಾಲು ಕೊಯ್ದು ಮಗ್ಗುಲಿಗೆ ಬಗ್ಗಿಸಿ ಬಿಡೋದು, ಮಿಕ್ಕ ತೊಗಟೆಯಲ್ಲಿ ರಸ ಹರಿದು ಮರ ಮಲಗಿದ ಹಾಗೇ ಚಿಗುರುತ್ತೆ, ಜಿಂಕೆಗೆ ಮರೆಯೂ ಆಯ್ತು ಮೇವೂ ಆಯ್ತು. ಇದು ಅಪಾಯದ ಕೆಲಸ, ಬಗ್ಗೋ ಮರ ಕಾಂಡದ ಮಧ್ಯೆ ಸೀಳಿ ಹಿಂದಕ್ಕೆ ಎಗರಿ ಜನ ಸತ್ತಿದ್ದಾರೆ, ಚೈನ್‌ಸಾ ಅಭ್ಯಾಸ ಇಲ್ಲದೋರು ಮಾಡಲೇಬಾರದು, ಒಬ್ಬೊಬ್ಬರೇ ಹೋಗಬಾರದು. ಇನ್ನೊಂದು, ಓಕ್ ಮರಕ್ಕೆ ಏಪ್ರಿಲಿಂದ ಜುಲೈವರೆಗೆ ಗಾಯ ಮಾಡಬಾರದು, ಓಕ್ ವಿಲ್ಟ್ ಅನ್ನೋ ಶಿಲೀಂಧ್ರ ರೋಗ ಹತ್ತಿದ್ರೆ ಅಕ್ಕಪಕ್ಕದ ಮರಗಳಿಗೂ ಬೇರಿಂದ ಬೇರಿಗೆ ಹರಡಿ ಸಾಲಾಗಿ ಸಾಯ್ತವೆ. ಹಾಗಾಗಿ ಕಡಿಯೋದೆಲ್ಲ ಚಳಿಗಾಲದಲ್ಲೇ.

ಎರಡನೇದು ಓಡಾಟ. ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂತ ಹೇಳ್ತೀನಿ, ಬೇರೆ ಯಾವುದೂ ಮಾಡದೆ ಇದೊಂದು ಮಾಡಿದ್ರೂ ಫಲ ಸಿಗುತ್ತೆ. ಮುಂಚೆ ಇವರು ಎಟಿವಿ ಗಾಡೀಲಿ ಪ್ಲಾಟಿನ ಪಕ್ಕಕ್ಕೇ ಹೋಗಿ ಇಳಿದು ಏಣಿ ಹತ್ತಿ ಕೂರ್ತಿದ್ರು. ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕು. ಕಣಿವೆಯಲ್ಲಿ ಗಾಳಿ ಹವಾಮಾನದ ಆಪ್ ಹೇಳಿದ ಹಾಗೆ ನಡೆಯೋದಿಲ್ಲ, ಬೆಳಿಗ್ಗೆ ಬಿಸಿಲು ಬಿದ್ದಾಗ ನೆಲ ಕಾದು ಗಾಳಿ ಮೇಲಕ್ಕೇರುತ್ತೆ, ಸಂಜೆ ತಣ್ಣಗಾಗ್ತಾ ಕೆಳಗೆ ಇಳಿಯುತ್ತೆ, ಸಂಜೆ ಇಳಿಜಾರಿನ ಮೇಲೆ ಕೂತ್ರೆ ನಮ್ಮ ವಾಸನೆ ನೇರ ಕೆಳಗಿರೋ ಜಿಂಕೆ ಮೂಗಿಗೆ. ಹೊಸ ಯೋಜನೆಯಲ್ಲಿ ಜಮೀನಿನ ಅರ್ಧ ಭಾಗಕ್ಕೆ, ಮಲಗೋ ಇಳಿಜಾರು ಸೇರಿದ ಹಾಗೆ, ಸೆಪ್ಟೆಂಬರಿಂದ ಯಾರೂ ಕಾಲಿಡೋ ಹಾಗಿಲ್ಲ, ಗಾಯಗೊಂಡ ಜಿಂಕೆ ಹುಡುಕೋಕೆ ಬಿಟ್ರೆ. ಸ್ಟ್ಯಾಂಡಿಗೆ, ಅಂದ್ರೆ ಮರದ ಮೇಲೆ ಕಾದು ಕೂರೋ ಅಟ್ಟಣೆಗೆ, ಹೋಗೋ ದಾರಿ ಹಳ್ಳದ ತಳದಲ್ಲಿ, ನೀರಿನ ಸದ್ದು ಹೆಜ್ಜೆ ಸದ್ದು ಮುಚ್ಚುತ್ತೆ. ಗಾಳಿ ಸರಿ ಇಲ್ಲದ ದಿನ ಆ ಸ್ಟ್ಯಾಂಡಿಗೆ ಹೋಗೋದೇ ಇಲ್ಲ, ಮನೆಯಲ್ಲೇ ಇರೋದು. ಸ್ಟ್ಯಾಂಡ್ ಹತ್ತೋವಾಗ ನೆಲ ಬಿಟ್ಟ ಕ್ಷಣದಿಂದ ಸೇಫ್ಟಿ ಬೆಲ್ಟ್, ಬೇಟೆ ಸೀಸನ್ನಲ್ಲಿ ಮರದಿಂದ ಬಿದ್ದು ಬೆನ್ನು ಮುರ್ಕೊಳ್ಳೋರು ಬಹಳ. ಮಾರನೇ ಸೀಸನ್ನಿಗೇ ಹಗಲಿನ ಫೋಟೋ ಬರೋಕೆ ಶುರುವಾಯ್ತು, ನವೆಂಬರ್ ಮೊದಲ ಎರಡು ವಾರ, ಬೆದೆಗಾಲದಲ್ಲಿ, ಗಂಡುಗಳು ನಡುಮಧ್ಯಾಹ್ನ ಆ ಇಳಿಜಾರಿನ ಅಂಚಲ್ಲಿ ಹೆಣ್ಣು ಹುಡುಕ್ಕೊಂಡು ತಿರುಗ್ತಿದ್ವು.

ಆದ್ರೆ ಕಾಡಿನ ಪಂಜರದ ಹೊರಗೆ ಏನೂ ಬದಲಾಗಿರಲಿಲ್ಲ. ಮಲಗೋಕೆ ಜಾಗ ಆಯ್ತು, ಊಟ ಆಯ್ತು, ನೆಮ್ಮದಿ ಆಯ್ತು, ಇನ್ನೂ ಜಾಸ್ತಿ ಜಿಂಕೆ ಬಂದ್ವು, ಬಿಸಿಲು ಬಿದ್ದು ಎದ್ದ ಚಿಗುರನ್ನೂ ಮೇಯ್ದು ಮುಗಿಸಿದ್ವು. ಪ್ರಕರಣದ ನಿಜವಾದ ಗಂಟು ಇದೇ. ಇವರು ಅಲ್ಲಿವರೆಗೆ ಹೊಡೆದಿದ್ದು ಬರೀ ಗಂಡು, ಸೀಸನ್ನಿಗೆ ಒಂದು ಸಿಕ್ಕರೆ ಸಿಕ್ಕಿತು. ಗಂಡು ಹೊಡೆಯೋದರಿಂದ ಸಂಖ್ಯೆ ಇಳಿಯೋದಿಲ್ಲ, ಒಂದು ಗಂಡು ಹಲವು ಹೆಣ್ಣಿಗೆ ಸಾಕು. ಹೊಲ ಇರೋ ಕಡೆ ಆರೋಗ್ಯವಾಗಿರೋ ಹೆಣ್ಣು ಮೇ ಕೊನೆ ಜೂನ್ ಹೊತ್ತಿಗೆ ಸಾಮಾನ್ಯವಾಗಿ ಅವಳಿ ಹಾಕುತ್ತೆ, ಕಯೋಟಿ (ನಮ್ಮ ಗುಳ್ಳೆನರಿ ಥರದ ಪ್ರಾಣಿ), ರಸ್ತೆ, ಹುಲ್ಲು ಕೊಯ್ಯೋ ಮಿಷನ್ನು ಎಲ್ಲಾ ಕಳೆದು ಚಳಿಗಾಲಕ್ಕೆ ಹೆಚ್ಚುಕಮ್ಮಿ ಹೆಣ್ಣಿಗೊಂದು ಮರಿ ಉಳೀತು ಅಂತಿಟ್ಕೊಂಡ್ರೂ ಅದರಲ್ಲಿ ಅರ್ಧ ಹೆಣ್ಣು. ಬಡ್ಡಿ ಬೆಳೆದ ಹಾಗೆ ಬೆಳೆಯುತ್ತೆ.

ಹೆಣ್ಣು ಹೊಡಿ ಅಂದ್ರೆ ಇಲ್ಲಿ ಜನಕ್ಕೆ ಮನಸ್ಸು ಬರೋದಿಲ್ಲ, ಅದಕ್ಕೆ ಇತಿಹಾಸ ಇದೆ. 1900ರ ಹೊತ್ತಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಸುಮಾರು ಐದು ಲಕ್ಷಕ್ಕೆ ಇಳಿದಿತ್ತು, ಮಾರುಕಟ್ಟೆಗೆ ಹೊಡೆದು ಹೊಡೆದು. ಅವು ವಾಪಸ್ ಬರೋದ್ರಲ್ಲಿ ಹೆಣ್ಣು ಮುಟ್ಟಬಾರದು ಅನ್ನೋ ಕಾನೂನಿನ ಪಾಲೂ ಇತ್ತು, ಅಪ್ಪ ಅಜ್ಜಂದಿರು ಮಕ್ಕಳಿಗೆ ಅದನ್ನೇ ಕಲಿಸಿದ್ರು. ಈಗ ದೇಶದಲ್ಲಿ ಮೂರು ಕೋಟಿ ಹತ್ತಿರ ಇವೆ, ಕಲಿಸಿದ ಪಾಠ ಮಾತ್ರ ಹಾಗೇ ಉಳಿದಿದೆ. ಪಕ್ಕದ ಸಾಕ್ ಕೌಂಟಿಯಲ್ಲಿ 1935ರಲ್ಲಿ ಬರಡಾದ ಒಂದು ಹೊಲ ತಗೊಂಡು ಮರ ನೆಟ್ಟ ಆಲ್ಡೋ ಲಿಯೋಪೋಲ್ಡ್, ಮ್ಯಾಡಿಸನ್ ಯೂನಿವರ್ಸಿಟೀಲಿ ವನ್ಯಜೀವಿ ನಿರ್ವಹಣೆಯ ಪ್ರೊಫೆಸರ್ ಆಗಿದ್ದೋರು, ಕಾಡು ಸಾಯ್ತಿದೆ, ಜಿಂಕೆ ಹಸಿವಿಂದ ಸಾಯ್ತಿವೆ, ಹೆಣ್ಣನ್ನೂ ಹೊಡೀಬೇಕು ಅಂತ ವಾದ ಮಾಡಿದ್ರು. 1943ರ ಸೀಸನ್ನಲ್ಲಿ ಅದಕ್ಕೆ ಅವಕಾಶ ಕೊಟ್ಟಾಗ ಜನ ಎಷ್ಟು ಸಿಟ್ಟಾದ್ರು ಅಂದ್ರೆ ಆ ವರ್ಷಾನ ಅಪರಾಧ ಅಂತಲೇ ಕರೆದ್ರು. 1996ರಲ್ಲಿ ರಾಜ್ಯ ಇನ್ನೊಂದು ಪ್ರಯತ್ನ ಮಾಡ್ತು, ಸಂಖ್ಯೆ ಮಿತಿಮೀರಿದ ಕಡೆ ಮೊದಲು ಕೊಂಬಿಲ್ಲದ ಜಿಂಕೆ (ಹೆಣ್ಣು ಇಲ್ಲಾ ಮರಿ) ಹೊಡೆದು ತೋರಿಸಿದ್ರೆ ಮಾತ್ರ ಗಂಡಿಗೆ ಟ್ಯಾಗ್ ಅನ್ನೋ ನಿಯಮ, ಅರ್ನ್-ಎ-ಬಕ್. ಕೆಲಸ ಮಾಡ್ತಿತ್ತು, ಆದ್ರೆ ಜನ ದ್ವೇಷಿಸಿದ್ರು, 2011ರಲ್ಲಿ ತೆಗೆದುಹಾಕಿದ್ರು. ನನಗೆ ಅದು ತೆಗೆದಿದ್ದು ತಪ್ಪು ಅಂತಲೇ ಅನ್ಸುತ್ತೆ.

ಸರ್ಕಾರ ಕೈಬಿಟ್ಟ ನಿಯಮಾನ ಈ ಮನೆಯವರು ತಮ್ಮ 80 ಎಕರೆಗೆ ತಾವೇ ಹಾಕ್ಕೊಂಡ್ರು. ಆ ಜಮೀನಲ್ಲಿ ಬೇಟೆಗೆ ಬರೋರು ಯಾರೇ ಆಗ್ಲಿ, ಮಗ, ಅಳಿಯ, ನೆಂಟ, ಮೊದಲು ಹೆಣ್ಣು, ಆಮೇಲೆ ಗಂಡು, ಗಂಡೂ ಮೂರು ವರ್ಷ ದಾಟಿರಬೇಕು. ಹೇಳಿದವರು ಒಡತಿನೇ. ಆಕೆಗೆ ಅದು ಸುಲಭ ಇರಲಿಲ್ಲ, ಅಪ್ಪ ಇದ್ದಿದ್ರೆ ಒಪ್ತಿರಲಿಲ್ಲ ಅಂತ ಬಾಯ್ಬಿಟ್ಟೇ ಹೇಳ್ತಾರೆ. ಅಳಿಯ ಒಂದು ಸೀಸನ್ ಬರಲೇ ಇಲ್ಲ. ಬಿಲ್ಲಿನ ಸೀಸನ್ ಶುರುವಲ್ಲೇ, ಗಂಡಿನ ಆಸೆ ತಲೆಗೆ ಏರೋಕೆ ಮುಂಚೆ, ಹೆಣ್ಣು ಹೊಡೆಯೋದು ಅಂತ ಮಾಡ್ಕೊಂಡ್ರು. ಎಲ್ಲರ ಟ್ಯಾಗ್ ಸೇರಿಸಿ ಸೀಸನ್ನಿಗೆ ನಾಲ್ಕು, ಐದು. ಹೊಡೆದ ಪ್ರತಿ ಜಿಂಕೆ ದವಡೆ ನೋಡಿ ವಯಸ್ಸು ಬರೀತಾರೆ, ಮರಿಗೆ ಮೂರನೇ ಮುಂದವಡೆ ಹಲ್ಲು ಮೂರು ಹೋಳಿನದು, ಒಂದೂವರೆ ವರ್ಷದ ಹೊತ್ತಿಗೆ ಅದು ಬಿದ್ದು ಎರಡು ಹೋಳಿನದು ಬರುತ್ತೆ, ಆಮೇಲೆ ಸವೆತ ನೋಡಿ ಅಂದಾಜು. ತೂಕ, ದಿನಾಂಕ, ಯಾವ ಸ್ಟ್ಯಾಂಡ್, ಎಲ್ಲಾ ಒಂದು ನೋಟ್‌ಬುಕ್‌ನಲ್ಲಿ. ಮಾಂಸ ಜಾಸ್ತಿ ಆದ್ರೆ ರಾಜ್ಯದ ಡೀರ್ ಡೊನೇಷನ್ ಮೂಲಕ ಫುಡ್ ಪ್ಯಾಂಟ್ರಿಗೆ, ಅಂದ್ರೆ ಬಡವರಿಗೆ ಆಹಾರ ಹಂಚೋ ಕೇಂದ್ರಕ್ಕೆ, ಹೋಗುತ್ತೆ.

ಒಂದು ಜಿಂಕೆ ಓಡಾಡೋ ವಲಯ ಸುಮಾರು ಒಂದು ಚದರ ಮೈಲಿ ಅಂದ್ರೆ 640 ಎಕರೆ, ಇವರದ್ದು ಅದರ ಎಂಟನೇ ಒಂದು ಭಾಗ. ಒಂದೂವರೆ ವರ್ಷದ ಗಂಡು ಹುಟ್ಟಿದ ಜಾಗ ಬಿಟ್ಟು ಮೈಲಿಗಟ್ಟಲೆ ಆಚೆ ಹೋಗಿ ನೆಲೆಸುತ್ತೆ. ನೀನು ಬಿಟ್ಟ ಗಂಡನ್ನ ಪಕ್ಕದವನು ಹೊಡೀತಾನೆ, ಅದು ಅವನ ಹಕ್ಕು. ಅದಕ್ಕೆ ಒಡತಿ ಪಕ್ಕದ ಎರಡು ಮನೆಯವರ ಜೊತೆ ಕೂತು ಮಾತಾಡಿದ್ರು, ರಾಜ್ಯದಲ್ಲಿ 2014ರಿಂದ ಡಿಮ್ಯಾಪ್ ಅನ್ನೋ ಯೋಜನೆ ಇದೆ, 160 ಎಕರೆ ಮೇಲೆ ಇದ್ರೆ ಬಯಾಲಜಿಸ್ಟ್, ಫಾರೆಸ್ಟರ್ ಇಬ್ರೂ ಬಂದು ಜಮೀನು ನೋಡಿ ಪ್ಲಾನ್ ಬರೆದುಕೊಡ್ತಾರೆ, ಅಕ್ಕಪಕ್ಕದವರು ಸೇರಿ ಗುಂಪಾಗಿ ಸೇರ್ಕೋಬಹುದು. ಒಬ್ಬರು ಒಪ್ಪಿದ್ರು. ಇನ್ನೊಬ್ಬರು ನಮ್ಮ ಮನೆಯವರು ವರ್ಷಕ್ಕೊಂದ್ಸಲ ಬರೋದು, ಏನು ಕಂಡ್ರೂ ಹೊಡೀತಾರೆ, ನಿಯಮ ಬೇಡ ಅಂದ್ರು. ಜಗಳ ಆಗಲಿಲ್ಲ. ಅವರ ಮನೆಗೆ ಪ್ರತಿ ವರ್ಷ ಸಾಸೇಜ್ ಹೋಗುತ್ತೆ, ಮಾತು ನಿಂತಿಲ್ಲ.

ಇಲ್ಲಿವರೆಗೆ ಹೇಳಿದ್ದೆಲ್ಲ ಸರಿದಾರಿಗೆ ಬಂತು. ಸರಿಹೋಗದೆ ಇರೋದು ಕಾಯಿಲೆ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಸಿಡಬ್ಲ್ಯುಡಿ. ವೈರಸ್ಸಲ್ಲ, ಬ್ಯಾಕ್ಟೀರಿಯಾ ಅಲ್ಲ, ಪ್ರಿಯಾನ್ ಅನ್ನೋ ತಿರುಚಿಕೊಂಡ ಪ್ರೋಟೀನು, ಮೆದುಳು ತೂತು ತೂತಾಗಿ ಜಿಂಕೆ ಸೊರಗಿ ಸಾಯುತ್ತೆ, ಲಸಿಕೆ ಇಲ್ಲ, ಔಷಧ ಇಲ್ಲ, ಮಣ್ಣಿಗೆ ಸೇರಿದ್ರೆ ವರ್ಷಗಟ್ಟಲೆ ಉಳಿಯುತ್ತೆ. 1967ರಲ್ಲಿ ಕೊಲರಾಡೋದ ಒಂದು ಸಂಶೋಧನಾ ಕೇಂದ್ರದಲ್ಲಿ ಮೊದಲು ಕಂಡಿದ್ದು, ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ, ಮ್ಯಾಡಿಸನ್ ಪಶ್ಚಿಮಕ್ಕಿರೋ ಮೌಂಟ್ ಹೋರೆಬ್ ಹತ್ತಿರ ಹೊಡೆದ ಜಿಂಕೆಗಳಲ್ಲಿ ಪತ್ತೆ ಆಯ್ತು. ಈಗ ರಿಚ್‌ಲ್ಯಾಂಡ್, ಸಾಕ್, ಅಯೋವಾ, ಡೇನ್ ಕೌಂಟಿಗಳು ಅದರ ನಡುಭಾಗ. ರೋಗ ಹತ್ತಿದ ಹೆಣ್ಣು ಜಿಂಕೆ ವರ್ಷ ಪೂರ್ತಿ ಬದುಕೋ ಸಾಧ್ಯತೆ ಆರೋಗ್ಯದ ಜಿಂಕೆಗಿಂತ ಅರ್ಧಕ್ಕಿಳಿಯುತ್ತೆ ಅಂತ ಇದೇ ನೈಋತ್ಯ ಭಾಗದಲ್ಲಿ ರೇಡಿಯೋ ಕಾಲರ್ ಹಾಕಿ ಮಾಡಿದ ಅಧ್ಯಯನ ಹೇಳುತ್ತೆ. ಕಾಳು ಸುರಿಯೋದು ನಿಷೇಧ ಆಗಿರೋದು ಇದಕ್ಕೇ, ಒಂದೇ ಗುಡ್ಡೆಗೆ ಹತ್ತು ಬಾಯಿ ಹಾಕಿದ್ರೆ ಜೊಲ್ಲಿಂದ ಹರಡುತ್ತೆ.

ಇದು ಮೂರು ವರ್ಷ ದಾಟಿದ ಗಂಡು ಅನ್ನೋ ನಿಯಮದ ಬುಡಕ್ಕೇ ಏಟು. ವಯಸ್ಸಾದ ಗಂಡುಗಳಲ್ಲೇ ಕಾಯಿಲೆ ಜಾಸ್ತಿ, ದೂರ ತಿರುಗೋದು, ಹಲವು ಹೆಣ್ಣುಗಳ ಹತ್ತಿರ ಹೋಗೋದು ಅವೇ. ಗಂಡ ವರ್ಷಗಟ್ಟಲೆ ಕ್ಯಾಮೆರಾದಲ್ಲಿ ನೋಡಿ, ಎರಡು ಸಲ ಹತ್ತಿರ ಬಂದಾಗಲೂ ಬಿಟ್ಟು, ಕೊನೆಗೆ ಹೊಡೆದ ಹತ್ತು ಮೊನೆಯ ಗಂಡು ಪಾಸಿಟಿವ್ ಬಂತು. ನೋಡೋಕೆ ಏನೂ ಗೊತ್ತಾಗಲಿಲ್ಲ, ಮೈತುಂಬ ಕೊಬ್ಬು. ಮನುಷ್ಯರಿಗೆ ಬಂದಿರೋದು ಇದುವರೆಗೆ ಸಾಬೀತಾಗಿಲ್ಲ, ಆದ್ರೆ ಪಾಸಿಟಿವ್ ಬಂದ ಮಾಂಸ ತಿನ್ನಬೇಡಿ ಅಂತಲೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳೋದು, ಇವರು ಪೂರ್ತಿ ಎಸೆದ್ರು. ಆ ರಾತ್ರಿ ಅವರಿಬ್ಬರ ಮುಖ ನೋಡೋಕೆ ನನಗೆ ಆಗಲಿಲ್ಲ. ಅದಾದ ಮೇಲೆ ಗಂಡಿನ ವಯಸ್ಸಿನ ನಿಯಮ ಸಡಿಲ ಮಾಡಿದ್ದಾರೆ, ಮಕ್ಕಳು ಮೊದಲ ಗಂಡು ಯಾವುದಾದ್ರೂ ಹೊಡೀಬಹುದು. ಹೆಣ್ಣಿನ ಲೆಕ್ಕ ಮಾತ್ರ ಹಾಗೇ ಇದೆ, ಕಾಯಿಲೆ ಇರೋ ಕಡೆ ಗುಂಪು ತೆಳುವಾಗಿರೋದು ಇನ್ನೂ ಮುಖ್ಯ ಅಂತ.

ಕಾಡಲ್ಲಿ ಈಗ ಪಂಜರದ ಹೊರಗೂ ಓಕ್ ಸಸಿ ಸೊಂಟದೆತ್ತರ ಬಂದಿವೆ, ಎಲ್ಲಾ ಕಡೆ ಅಲ್ಲ, ಬಿಸಿಲು ಬಿಟ್ಟ ಇಳಿಜಾರಲ್ಲಿ. ನೋಟ್‌ಬುಕ್‌ನಲ್ಲಿ ಹೆಣ್ಣುಗಳ ತೂಕ ಏರಿದೆ. ಫೋಟೋದಲ್ಲಿ ಜಿಂಕೆ ಕಮ್ಮಿ ಆಗಿವೆ, ಹಗಲಲ್ಲಿ ಕಾಣೋದು ಜಾಸ್ತಿ ಆಗಿದೆ. ಪರೀಕ್ಷೆಗೆ ತಲೆ ಕೊಡೋದು ಈಗ ಎಲ್ಲರಿಗೂ ರೂಢಿ, ಕುತ್ತಿಗೆ ಐದಿಂಚು ಉಳಿಸಿ ತಲೆ ಕೊಯ್ದು ರಸ್ತೆ ಪಕ್ಕದ ಕಿಯಾಸ್ಕಲ್ಲಿ ಚೀಟಿ ಕಟ್ಟಿ ಬಿಟ್ರೆ ರಿಸಲ್ಟ್ ಬರುತ್ತೆ, ಅಲ್ಲಿವರೆಗೆ ಮಾಂಸ ಫ್ರೀಜರ್‌ನಲ್ಲಿ ಬೇರೆ ಬೇರೆ ಹೆಸರು ಬರೆದು ಇಡ್ತಾರೆ. ಮೂಳೆ, ಬೆನ್ನೆಲುಬು ಇವರು ಕಾಡಲ್ಲಿ ಬಿಸಾಡೋದಿಲ್ಲ, ಕಸ ಹೂಳೋ ಲ್ಯಾಂಡ್‌ಫಿಲ್‌ಗೇ ಕಳಿಸ್ತಾರೆ. ರಾಜ್ಯದವರ ಅಡಾಪ್ಟ್-ಎ-ಡಂಪ್‌ಸ್ಟರ್ ಯೋಜನೆಯಲ್ಲಿ ಕ್ರಾಸ್ ರೋಡಿನ ಹತ್ತಿರ ಇಂಥ ತ್ಯಾಜ್ಯ ಹಾಕೋ ಒಂದು ಡಂಪ್‌ಸ್ಟರ್ (ದೊಡ್ಡ ಕಸದ ತೊಟ್ಟಿ) ಇಡೋಕೆ ಈ ಸೀಸನ್ನಿಗೆ ಒಪ್ಪಿಗೆ ಆಗಿದೆ, ಖರ್ಚು ಮೂರು ಮನೆಯವರದ್ದೂ, ನಿಯಮ ಬೇಡ ಅಂದಿದ್ದ ಆ ಮೂರನೇ ಮನೆಯವರೂ ಸೇರಿ.